ವರ್ಷಕ್ಕೆ 3.6 ಲಕ್ಷ: ಕೈಗೆ ಬರೋದೆಷ್ಟು?

ಪ್ರಶ್ನೆ: ನನಗೆ 27 ವರ್ಷ. ಹುಬ್ಬಳ್ಳಿಯ ಡೀಲರ್ ಒಬ್ಬರಲ್ಲಿ ಅಕೌಂಟ್ಸ್ ಕೆಲಸ. ಸಂಬಳ 18,500, ಬೇಸಿಕ್ 12,000. ಅವ್ವನ ಶುಗರ್, ಬಿಪಿ ಗುಳಿಗೆ ನೌಕರರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐನಲ್ಲಿ ಸಿಗುತ್ತವೆ. ಹೊರಗೆ ಕೊಂಡರೆ ತಿಂಗಳಿಗೆ 2,000. ಬೆಂಗಳೂರಿನಿಂದ 3.6 ಲಕ್ಷದ ಆಫರ್ ಬಂದಿದೆ. ‘ತಿಂಗಳಿಗೆ 30,000 ಬರುತ್ತೆ, ಹೋಗು’ ಅಂತಾನೆ ಅಣ್ಣ. ಅವ್ವನನ್ನು ಬಿಟ್ಟು ಹೋಗಲೇ? ಪತ್ರದ ಪ್ರತಿ ಕಳಿಸಿದ್ದೇನೆ.

ಉತ್ತರ: ಆ 30,000 ನಿಮ್ಮ ಖಾತೆಗೆ ಬರುವುದಿಲ್ಲ. ಪತ್ರದಲ್ಲಿರುವುದು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಅದರಲ್ಲಿ ತಿಂಗಳಿಗೆ 2,000 ವೇರಿಯಬಲ್ ಪೇ. ಸಿಕ್ಕರೆ ವರ್ಷದ ಕೊನೆಗೆ, ಅವರು ಕೊಟ್ಟ ರೇಟಿಂಗ್ ಮೇಲೆ. ಕಂಪನಿ ಪಾಲಿನ ಪಿಎಫ್ 1,800, ಕೆಲಸ ಬಿಡುವಾಗಿನ ಗ್ರಾಚ್ಯುಟಿಗೆಂದು ಎತ್ತಿಡುವ 721 ಕೂಡ ಅದರೊಳಗೇ ಸೇರಿವೆ. ಉಳಿದ 25,479ರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 23,479.

ಈಗ ನಿಮ್ಮ ಕೈಗೆ ಬರುತ್ತಿರುವುದು, ಪಿಎಫ್ 1,440 ಮತ್ತು ಇಎಸ್‌ಐ 139 ಹೋಗಿ, 16,921. ನಿಮ್ಮೊಬ್ಬರ ಊಟ, ಓಡಾಟಕ್ಕೆ 3,500 ಹಿಡಿದರೂ ಮನೆಗೆ 13,400 ಉಳಿಯುತ್ತದೆ. ಬೆಂಗಳೂರಿನಲ್ಲಿ ಊಟ ಸೇರಿ ಪಿಜಿಗೆ 9,000, ಊರಿಗೆ ಬಂದುಹೋಗುವುದೂ ಸೇರಿ ಕೈಖರ್ಚು 2,000, ಅವ್ವನ ಗುಳಿಗೆಗೆ 2,000 ಎಂದಿಟ್ಟುಕೊಳ್ಳಿ. ಉಳಿಯುವುದು 10,479, ಈಗಿನದಕ್ಕಿಂತ ಸುಮಾರು 3,000 ಕಡಿಮೆ. ಪಿಜಿ ಅಡ್ವಾನ್ಸ್ ಬೇರೆ.

ಗುಳಿಗೆಯ ಖರ್ಚು ಯಾಕೆ ಸೇರಿಸಿದೆವೆಂದರೆ, ಇಎಸ್‌ಐ ಮಿತಿ 21,000. ಹೊಸ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ಸೇರಿದರೆ ಆ ಸೌಲಭ್ಯವಿಲ್ಲ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದಾಗ ಮಾತ್ರ ಬರುತ್ತದೆ, ಅದರಲ್ಲೂ ಎಷ್ಟೋ ಕಡೆ ತಂದೆ-ತಾಯಿಯನ್ನು ಸೇರಿಸಿರುವುದಿಲ್ಲ. ‘ಇನ್ಶೂರೆನ್ಸ್ ಇದೆ’ ಎಂಬ ಬಾಯಿಮಾತಿಗೆ ಒಪ್ಪಬೇಡಿ, ಅವ್ವನ ಹೆಸರು ಸೇರುತ್ತದೆಯೇ ಎಂದು ಇಮೇಲ್‌ನಲ್ಲಿ ಕೇಳಿ. ಜನೌಷಧಿ ಅಂಗಡಿಯಲ್ಲಿ ಗುಳಿಗೆ ಬಿಲ್ ಸಾಕಷ್ಟು ಇಳಿಯುತ್ತದೆ, ಆದರೂ 3,000ದ ಅಂತರ ತುಂಬುವುದಿಲ್ಲ.

ಹಾಗಾಗಿ ಈ ಲೆಕ್ಕಕ್ಕೆ ಹೋಗಬೇಡಿ. ವೇರಿಯಬಲ್ ಇಲ್ಲದೆ 4 ಲಕ್ಷ ಕೇಳಿ. ಆಗ ಕೈಗೆ 28,500ರ ಆಸುಪಾಸು ಬರುತ್ತದೆ, ಹೋಗುವುದಕ್ಕೆ ಅರ್ಥವಿರುತ್ತದೆ. ಅಷ್ಟು ಕೊಟ್ಟರೆ, ಅವ್ವನನ್ನು ಡಾಕ್ಟರ ಬಳಿ ಕರೆದೊಯ್ಯುವವರು ಯಾರು ಎಂಬುದನ್ನು ಅಣ್ಣನ ಜೊತೆ ಕೂತು ತೀರ್ಮಾನಿಸಿ. ಹೋಗು ಎಂದವರೇ ಆ ಜವಾಬ್ದಾರಿ ಹೊರುವುದು ನ್ಯಾಯ.

ಕೊಡದಿದ್ದರೆ, ಆಫರ್ ಪತ್ರ ಹಿಡಿದು ಈಗಿನ ಮಾಲೀಕರನ್ನೇ 21,000 ಕೇಳಿ. ಸರಿಯಾಗಿ 21,000ಕ್ಕೆ ಇಎಸ್‌ಐ ಉಳಿಯುತ್ತದೆ. ಮೇಲೆ 500 ಕೊಡುತ್ತೇನೆಂದರೆ ಬೇಡ ಎನ್ನಿ, ಅದನ್ನು ವರ್ಷದ ಬೋನಸ್‌ಗೆ ಸೇರಿಸಲಿ.