ಬೆಳ್ಳಿ ಚಮಚ ಹೊಗಳಿಕೆಯಲ್ಲ

ಪ್ರಿಯ ಓದುಗರೇ,

ಊರಿನ ಹಿರಿಯ ಉದ್ಯಮಿಯೊಬ್ಬರ ಸನ್ಮಾನಕ್ಕೆ ನೀವು ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಬರೆದುಕೊಟ್ಟಿದ್ದೀರಿ. ಅವರು ಬಾಯಲ್ಲಿ ‘ಸಿಲ್ವರ್ ಸ್ಪೂನ್’ ಇಟ್ಟುಕೊಂಡು ಹುಟ್ಟಿದವರು, ಇಂದು ನಮ್ಮ ‘ಸ್ಮಾಲ್ ಪಾಂಡ್’ನ ‘ಬಿಗ್ ಫಿಶ್’ ಎಂದು ಅದರಲ್ಲಿತ್ತು. ಅದನ್ನು ಓದಿದ ಅವರ ಮಗಳ ಮುಖ ಸಪ್ಪಗಾಯಿತು. ‘ನಿಘಂಟು ನೋಡಿಯೇ ಬರೆದೆ, ತಪ್ಪೆಲ್ಲಿ?’ ಎಂದು ಕೇಳಿದ್ದೀರಿ. ಪತ್ರಿಕೆಗಳಲ್ಲಿ ಕಾಣುವ ‘ಪರಿಯಾ’ ಎಂಬ ಪದದ ಬಗ್ಗೆಯೂ ಕೇಳಿದ್ದೀರಿ.

ಅರ್ಥವನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ. ಕೈತಪ್ಪಿದ್ದು ದನಿ. ಅಂತಸ್ತಿನ ಮಾತುಗಳಲ್ಲಿ ಬಹುಪಾಲು ಒಬ್ಬರ ಬೆನ್ನ ಹಿಂದೆ ಆಡುವಂಥವು. ಇಂಗ್ಲೆಂಡಿನಲ್ಲಿ ಮಗುವಿನ ಜ್ಞಾನಸ್ನಾನದ ದಿನ ಧರ್ಮಪಿತ, ಧರ್ಮಮಾತೆಯರು ಬೆಳ್ಳಿ ಚಮಚ ಕೊಡುವ ರೂಢಿಯಿತ್ತು. ಸಿರಿವಂತರ ಕೂಸು ಆ ಉಡುಗೊರೆಗೂ ಕಾಯಬೇಕಿಲ್ಲ, ಚಮಚ ಕಚ್ಚಿಕೊಂಡೇ ಹುಟ್ಟುತ್ತದೆ ಎಂಬುದು ಮಾತಿನ ಇಂಗಿತ. ಬೆವರು ಸುರಿಸದೆ ಎಲ್ಲ ಸಿಕ್ಕಿತು ಎಂಬ ಚುಚ್ಚು ಅದರೊಳಗಿದೆ. ಐವತ್ತು ವರ್ಷ ದುಡಿದವರಿಗೆ ಅದು ನೋಯದೆ ಇರುತ್ತದೆಯೇ?

‘ಬಿಗ್ ಫಿಶ್ ಇನ್ ಎ ಸ್ಮಾಲ್ ಪಾಂಡ್’ ಇನ್ನೂ ನಾಜೂಕು. ಮೀನು ದೊಡ್ಡದೆಂದು ಒಪ್ಪುತ್ತಲೇ ಕೆರೆ ಚಿಕ್ಕದೆಂದು ಅದು ನೆನಪಿಸುತ್ತದೆ. ಅದಕ್ಕೆ ನಮ್ಮಲ್ಲಿ ಹಲವರು ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ಜೋಡಿಸುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಗಾದೆಯ ಗೌಡನಿಗೆ ಎದುರಾಳಿಯೇ ಇಲ್ಲ, ಬೇರೆಯವರೆಲ್ಲ ಊರು ಬಿಟ್ಟಿದ್ದಾರೆ. ಇಂಗ್ಲಿಷಿನ ಮೀನಾದರೋ ತನ್ನ ಕೆರೆಯ ಮಟ್ಟಿಗೆ ನಿಜವಾಗಿಯೂ ದೊಡ್ಡದು. ‘ಬಿಗ್‌ವಿಗ್’ ಮತ್ತು ನಮ್ಮ ‘ದೊಡ್ಡ ಕುಳ’ದ ಜೋಡಿ ಇದಕ್ಕಿಂತ ಚೆನ್ನಾಗಿ ಕೂರುತ್ತದೆ. ಅಲ್ಲಿ ಗಣ್ಯರು ತೊಡುತ್ತಿದ್ದ ಭಾರಿ ಕೃತಕ ಕೂದಲಿನಿಂದ ಮಾತು ಹುಟ್ಟಿತು, ಇಲ್ಲಿ ಸರ್ಕಾರಕ್ಕೆ ಕಂದಾಯ ಕಟ್ಟುವವನನ್ನು ಕುಳ ಎನ್ನುವುದರಿಂದ. ಎರಡರಲ್ಲೂ ತುಸು ಅಸಡ್ಡೆಯಿದೆ, ಎರಡೂ ಸನ್ಮಾನದ ವೇದಿಕೆಗೆ ಸಲ್ಲವು.

ಹುಟ್ಟುಕಥೆಗಳನ್ನು ನಂಬುವಾಗಲೂ ಎಚ್ಚರವಿರಲಿ. ‘ಅಪ್ಪರ್ ಕ್ರಸ್ಟ್’ ಬಂದದ್ದು ಬ್ರೆಡ್ಡಿನ ಬುಡ ಆಳುಗಳಿಗೆ, ಮೇಲ್ಭಾಗ ಧಣಿಗೆ ಎಂಬ ಪದ್ಧತಿಯಿಂದ ಎಂಬ ಕಥೆ ಇಮೇಲುಗಳಲ್ಲಿ ಬಹಳ ಓಡಾಡಿದೆ. ಆದರೆ ಮೇಲ್ವರ್ಗದವರು ಎಂಬ ಅರ್ಥದಲ್ಲಿ ಆ ಮಾತು ಬಳಕೆಗೆ ಬಂದದ್ದೇ 19ನೇ ಶತಮಾನದಲ್ಲಿ. ‘ಹಿಸ್ ನೇಮ್ ಈಸ್ ಮಡ್’, ಅಂದರೆ ಹೆಸರು ಮಣ್ಣುಪಾಲಾಯಿತು, ಎಂಬುದನ್ನು ಡಾ. ಸ್ಯಾಮ್ಯುಯೆಲ್ ಮಡ್ ಅವರ ತಲೆಗೆ ಕಟ್ಟುತ್ತಾರೆ. 1865ರಲ್ಲಿ ಲಿಂಕನ್ನರನ್ನು ಕೊಂದವನ ಮುರಿದ ಕಾಲಿಗೆ ಕಟ್ಟು ಹಾಕಿದ ವೈದ್ಯ ಅವರು. ಆದರೆ 1823ರ ಲಂಡನ್ ಆಡುನುಡಿಯ ನಿಘಂಟಿನಲ್ಲೇ ಆ ಮಾತು ಅಚ್ಚಾಗಿದೆ. ನಮ್ಮಲ್ಲಿ ಮಾನ ಹೋದಾಗ ಮಣ್ಣಿಗಿಂತ ಅಡಿಕೆ ನೆನಪಾಗುತ್ತದೆ: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈ ಗಾದೆಗೆ ಸಮನಾದದ್ದು ನನಗೆ ಇಂಗ್ಲಿಷಿನಲ್ಲಿ ಸಿಕ್ಕಿಲ್ಲ.

‘ಟು ದ ಮ್ಯಾನರ್ ಬಾರ್ನ್’ ಬರೆಯುವಾಗ ಕಾಗುಣಿತ ಕೈಕೊಡುತ್ತದೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನ ಬಾಯಲ್ಲಿ ಅದು ನಡವಳಿಕೆಯ ‘ಮ್ಯಾನರ್’ (manner), ಜಮೀನ್ದಾರನ ಬಂಗಲೆಯ ‘ಮ್ಯಾನರ್’ (manor) ಅಲ್ಲ; ಹುಟ್ಟಿನಿಂದಲೇ ಆ ರೂಢಿಗೆ ಒಗ್ಗಿದವನು ಎಂದರ್ಥ. ವಿದೇಶದ ಕನ್ನಡ ಸಂಘಗಳವರು ಗಮನಿಸಬೇಕಾದದ್ದು ‘ಮೆಂಬರ್ ಇನ್ ಗುಡ್ ಸ್ಟ್ಯಾಂಡಿಂಗ್’. ಗೌರವಾನ್ವಿತ ಸದಸ್ಯ ಎಂದು ಅದನ್ನು ಅನುವಾದಿಸಿದರೆ ಅನರ್ಥ. ಚಂದಾ ಬಾಕಿಯಿಲ್ಲದ, ಅಮಾನತಿನಲ್ಲಿಲ್ಲದ ಸದಸ್ಯ ಎಂದಷ್ಟೇ ಅದರ ಅರ್ಥ. ಎಷ್ಟೋ ಕಡೆ ಮತದಾನದ ಹಕ್ಕು ನಿಂತಿರುವುದು ಅದರ ಮೇಲೆ.

ಇನ್ನು ‘ಪರಿಯಾ’. ಇದಕ್ಕೆ ಹೆಚ್ಚು ಜಾಗ ಕೊಡಲೇಬೇಕು. ತಮಿಳಿನಲ್ಲಿ ಪರೈ ಎಂದರೆ ತಮಟೆಯಂಥ ಚರ್ಮವಾದ್ಯ. ಅದರಿಂದ ಬಂದ ಪರೈಯರ್ ಎಂಬುದು ಇಂದಿಗೂ ಬದುಕಿ ಬಾಳುತ್ತಿರುವ ಒಂದು ದಲಿತ ಸಮುದಾಯದ ಹೆಸರು. ಯುರೋಪಿನ ವ್ಯಾಪಾರಿಗಳು, ಪಾದ್ರಿಗಳು 17ನೇ ಶತಮಾನದ ಹೊತ್ತಿಗೆ ಅದನ್ನು ತಮ್ಮ ಬರಹಗಳಿಗೆ ಒಯ್ದರು. ಮುಂದೆ ಎಲ್ಲರೂ ದೂರವಿಟ್ಟವನು ಎಂಬುದೇ ಅದರ ಅರ್ಥವಾಯಿತು. ಅದೇ ಏಣಿಯ ತುದಿಯಲ್ಲಿದ್ದ ಹೆಸರಿಗೆ ಏನಾಯಿತು ನೋಡಿ. 1860ರಲ್ಲಿ ಅಮೆರಿಕದ ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಅವರು ನ್ಯೂ ಇಂಗ್ಲೆಂಡಿನ ಹಳೆಯ, ವಿದ್ಯಾವಂತ ಮನೆತನಗಳನ್ನು ‘ಬ್ರಾಹ್ಮಿನ್’ ಎಂದು ಕರೆದರು. ‘ಬಾಸ್ಟನ್ ಬ್ರಾಹ್ಮಿನ್’ ಎಂಬುದು ಅಲ್ಲಿ ಈಗಲೂ ಪ್ರತಿಷ್ಠೆಯ ಮಾತು. ನಮ್ಮ ಶ್ರೇಣಿ ಕಡಲು ದಾಟಿತು, ಮೇಲು ಕೀಳು ಹಾಗೇ ಉಳಿದವು. ಆ ಮಣ್ಣಿನಿಂದ ದೂರವಿರುವವರಿಗೆ ‘ಪರಿಯಾ’ ಬರಿಯ ಪದವಾಗಿ ಕಾಣಬಹುದು. ನಮ್ಮ ಓದುಗರ ಪೈಕಿ ಆ ಜಾತಿಹೆಸರನ್ನೇ ಬೈಗುಳವಾಗಿ ಕೇಳಿಸಿಕೊಂಡ ಮನೆಗಳಿವೆ. ಆದ್ದರಿಂದ ಈ ಪತ್ರಿಕೆಯಲ್ಲಿ ‘ಪರಿಯಾ ದೇಶ’ ಎಂದು ಅಚ್ಚು ಮಾಡುವುದಿಲ್ಲ. ‘ಜಗತ್ತು ದೂರವಿಟ್ಟ ದೇಶ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ನೀವು ‘ಐಸೊಲೇಟೆಡ್’ ಎಂದರೆ ಸಾಕು.

ನಿಮ್ಮ ಬಿನ್ನವತ್ತಳೆಗೆ ಮರಳೋಣ. ಎರಡು ನುಡಿಗಟ್ಟುಗಳನ್ನೂ ತೆಗೆದುಹಾಕಿ. ಅವರು ಯಾವ ವರ್ಷ ವ್ಯವಹಾರದ ಹೊಣೆ ಹೊತ್ತರು, ಆಗ ಎಷ್ಟು ಜನ ಕೆಲಸಗಾರರಿದ್ದರು, ಈಗ ಎಷ್ಟಿದ್ದಾರೆ, ಊರಿಗೆ ಏನು ಕಟ್ಟಿಸಿಕೊಟ್ಟರು ಎಂಬುದನ್ನು ಮೂರೇ ಸರಳ ವಾಕ್ಯಗಳಲ್ಲಿ ಬರೆಯಿರಿ. ನುಡಿಗಟ್ಟು ಬೇಕೇ ಬೇಕೆನಿಸಿದರೆ ‘ಎ ಪಿಲ್ಲರ್ ಆಫ್ ದ ಕಮ್ಯುನಿಟಿ’ ಇರಲಿ. ಸವೆದ ಮಾತು ನಿಜ, ಆದರೆ ಅದರಲ್ಲಿ ಮುಳ್ಳಿಲ್ಲ. ಅಚ್ಚಿಗೆ ಕೊಡುವ ಮುನ್ನ ಅವರ ಮಗಳಿಗೆ ಮತ್ತೊಮ್ಮೆ ತೋರಿಸಿ.

– ಸಂಪಾದಕ