ಸ್ಮಾರ್ಟ್ ಕುಕ್ಕರ್, ಅಡುಗೆ ಆ್ಯಪ್ ಇದ್ದರೆ ಸಂಜೆ ಅಡುಗೆಯ ಸಮಯ ನಿಜಕ್ಕೂ ಉಳಿಯುತ್ತಾ?

ನಿಮ್ಮ ಪ್ರಶ್ನೆ ಓದಿದಾಗ ನಾಲ್ಕು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಸಂಜೆ ಅಡುಗೆಗೇ ಒಂದೂವರೆ ಗಂಟೆ ಬೇಕಾಗುತ್ತಿದೆ. ಫೋನಿನ ಆ್ಯಪ್ ಜೊತೆ ಕೆಲಸ ಮಾಡುವ ಕುಕ್ಕರ್, ಏರ್ ಫ್ರೈಯರ್ ತಗೊಂಡರೆ ಅದು ಅರ್ಧಕ್ಕೆ ಇಳಿಯುತ್ತಾ ಅಂತ ಕೇಳಿದ್ದೀರಿ. ನಾನು ಬಳಸುತ್ತಿರುವುದು ವೈಫೈ ಇರುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್, ಒಂದು ಏರ್ ಫ್ರೈಯರ್, ಮಾಂಸಕ್ಕೆ ಚುಚ್ಚುವ ಬ್ಲೂಟೂತ್ ಥರ್ಮಾಮೀಟರ್. ನನ್ನ ಅನುಭವ ಇಷ್ಟರದ್ದೇ.

ಗಡಿಯಾರ ನೋಡಿದರೆ ಅರ್ಧಕ್ಕೆ ಇಳಿಯುವುದಿಲ್ಲ. ಅನ್ನ ಬೇಯುವಷ್ಟು ಹೊತ್ತು ಬೇಯಲೇಬೇಕು. ಈರುಳ್ಳಿ ಹೆಚ್ಚುವವರು ನೀವೇ. ಪಾತ್ರೆ ತೊಳೆಯುವುದೂ ಇದ್ದೇ ಇದೆ. ಉಳಿಯುವುದು ಒಲೆ ಮುಂದೆ ಕಾವಲು ನಿಲ್ಲುವ ಹೊತ್ತು. ಹಾಗೆಯೇ "ಇವತ್ತು ಏನು ಮಾಡೋದು" ಅಂತ ಫ್ರಿಜ್ ಬಾಗಿಲು ತೆಗೆದು ನಿಲ್ಲುವ ಹೊತ್ತು. ಇವೆರಡೂ ನಾವು ಲೆಕ್ಕಕ್ಕೇ ಹಿಡಿಯದ ಸಮಯ. ಒಂದು ವಾರ ನಾನು ಇದನ್ನು ಕೂತು ಬರೆದಿಟ್ಟೆ. ಏನು ಮಾಡೋದು ಅಂತ ಯೋಚಿಸುವುದಕ್ಕೆ ಹದಿನೈದು ನಿಮಿಷ, ಹೆಚ್ಚುವುದಕ್ಕೆ ಇಪ್ಪತ್ತು, ಉಕ್ಕುತ್ತದೆ, ತಳ ಹಿಡಿಯುತ್ತದೆ ಅಂತ ಹತ್ತಿರವೇ ನಿಂತಿರುವುದು ಸುಮಾರು ನಲವತ್ತು. ಆ ನಲವತ್ತರಲ್ಲಿ ಕೈಗೆ ಕೆಲಸ ಇದ್ದದ್ದು ಹತ್ತು ನಿಮಿಷವೂ ಇಲ್ಲ. ಯಂತ್ರ ಕೊಳ್ಳುವ ಮೊದಲು ನೀವೂ ಇದನ್ನು ಮಾಡಿ ನೋಡಿ. ನಿಮ್ಮ ಒಂದೂವರೆ ಗಂಟೆಯಲ್ಲಿ ಹೆಚ್ಚಿನ ಪಾಲು ಹೆಚ್ಚುವುದಕ್ಕೇ ಹೋಗುತ್ತಿದ್ದರೆ ಯಾವ ಸ್ಮಾರ್ಟ್ ಕುಕ್ಕರೂ ನಿಮಗೆ ನೆರವಾಗುವುದಿಲ್ಲ. ಒಳ್ಳೆಯ ಚಾಕು, ಭಾನುವಾರದ ಒಂದು ಗಂಟೆ ಸಾಕು.

ಕಾವಲು ತಪ್ಪಿಸುವ ಯೋಚನೆ ಹೊಸದೇನಲ್ಲ. ಜಪಾನಿನ ತೋಷಿಬಾ 1955ರಲ್ಲಿ ತಾನಾಗಿ ಆರಿಹೋಗುವ ರೈಸ್ ಕುಕ್ಕರ್ ಮಾರಾಟಕ್ಕೆ ತಂದಿತು. ಅದರಲ್ಲಿ ಆ್ಯಪೂ ಇರಲಿಲ್ಲ, ಎಲೆಕ್ಟ್ರಾನಿಕ್ ಚಿಪ್ ಕೂಡ ಇರಲಿಲ್ಲ. ನೀರಿರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಮುಗಿದ ಕೂಡಲೇ ಬಿಸಿ ಏರುತ್ತದೆ, ಅದನ್ನು ಹಿಡಿದು ಸ್ವಿಚ್ ಬೀಳುತ್ತದೆ. ಅಷ್ಟೇ ಅದರ ಗುಟ್ಟು. ಇದನ್ನು ಯಾಕೆ ಹೇಳಿದೆ ಅಂದರೆ, ಅಂಗಡಿಯಲ್ಲಿ ಸ್ಮಾರ್ಟ್ ಅನ್ನುವ ಪದ ಕೇಳಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಯಂತ್ರ ನಾನು ಹತ್ತಿರ ಇಲ್ಲದಾಗ ತಾನಾಗಿ ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಅರ್ಧ ಲಾಭ ಅಲ್ಲಿಗೇ ಸಿಕ್ಕಿತು. ವೈಫೈ ಅದರ ಮೇಲಿನದು.

ಈಗ ಪ್ರೆಷರ್ ಕುಕ್ಕರ್ ವಿಷಯ. ಇದರಲ್ಲೇ ಹೊಸಬರು ಜಾಸ್ತಿ ಮೋಸ ಹೋಗುವುದು. ಆ್ಯಪ್‌ನ ರೆಸಿಪಿ "8 ನಿಮಿಷ" ಅನ್ನುತ್ತದೆ. ಆ 8 ನಿಮಿಷ ಶುರುವಾಗುವುದು ಒಳಗೆ ಪ್ರೆಷರ್ ಪೂರ್ತಿ ಏರಿದ ಮೇಲೆ. ಏರುವುದಕ್ಕೇ ಹತ್ತರಿಂದ ಹದಿನೈದು ನಿಮಿಷ ಬೇಕು. ಪಾತ್ರೆ ತುಂಬಿದ್ದರೆ, ತಣ್ಣೀರು ಹಾಕಿದ್ದರೆ ಇನ್ನೂ ಜಾಸ್ತಿ. ಬೆಂದ ಮೇಲೆ ಪ್ರೆಷರ್ ತಾನಾಗಿ ಇಳಿಯಬೇಕಾದರೆ ಮತ್ತೆ ಹತ್ತು, ಇಪ್ಪತ್ತು ನಿಮಿಷ. ಹಾಗಾಗಿ 8 ನಿಮಿಷದ ಅಡುಗೆ ಊಟದ ತಟ್ಟೆಗೆ ಬರುವಾಗ ಮುಕ್ಕಾಲು ಗಂಟೆ ಹತ್ತಿರ ಆಗಿರುತ್ತದೆ. ಮೊದಲ ತಿಂಗಳು ಇದು ಗೊತ್ತಿಲ್ಲದೆ ಹಸಿದ ಮಕ್ಕಳನ್ನು ಸುಮ್ನೆ ಕಾಯಿಸಿದೆ. ಈಗಲೂ ಆ ಸಂಜೆಗಳನ್ನು ನೆನೆದರೆ ಬೇಸರವಾಗುತ್ತದೆ. ಬಿಸಿನೀರು ಹಾಕಿ ಶುರು ಮಾಡಿದರೆ ಐದಾರು ನಿಮಿಷ ಉಳಿಯುತ್ತದೆ. ಸಣ್ಣ ವಿಷಯ, ಆದರೆ ದಿನಾ ಕೆಲಸಕ್ಕೆ ಬರುತ್ತದೆ.

ಸಮಯ ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಹೋದ ವಾರದ ಒಂದು ದಿನ ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ಮುಂಚೆ ಒಂದೂವರೆ ಲೋಟ ಒಣ ಕಡಲೆಕಾಳು ತೊಳೆದು, ನೀರು ಹಾಕಿ ಕುಕ್ಕರಿಗೆ ಹಾಕಿದೆ. ಮುಚ್ಚಳ ಹಾಕಿ, ಅದರ ಮೇಲೆ ಆವಿ ಹೊರಬಿಡುವ ವಾಲ್ವ್ ಮುಚ್ಚಿ, ಸಂಜೆ ಐದೂವರೆಗೆ ಶುರುವಾಗುವಂತೆ ಆ್ಯಪಿನಲ್ಲಿ ಇಟ್ಟೆ. ಕಾಳು ನೆನೆಯುವುದಕ್ಕೆ ಬೇಕಾದ ಹೊತ್ತೂ ಅದರಲ್ಲೇ ಆಯಿತು. ಮಧ್ಯಾಹ್ನ ಮೀಟಿಂಗ್ ಎಳೆಯಿತು, ಬರುವುದು ತಡ ಅಂತ ಗೊತ್ತಾಯಿತು. ಕೂತಲ್ಲಿಂದಲೇ ಶುರುವಾಗುವ ಹೊತ್ತನ್ನು ಆರಕ್ಕೆ ದೂಡಿದೆ. ಆರೂಕಾಲಿಗೆ ಮನೆ ಬಾಗಿಲು ತೆಗೆದಾಗ ಪ್ರೆಷರ್ ಏರಿ ಕಾಳು ಬೇಯುತ್ತಿತ್ತು. ಬಟ್ಟೆ ಬದಲಿಸಿ, ಆಲೂಗಡ್ಡೆ ಹೆಚ್ಚಿ, ಎಣ್ಣೆ ಸವರಿ ಏರ್ ಫ್ರೈಯರಿಗೆ ಹಾಕಿದೆ. 200 ಡಿಗ್ರಿ, 18 ನಿಮಿಷ. ಮಗಳ ಪಕ್ಕ ಕೂತು ಲೆಕ್ಕ ಹೇಳಿಕೊಡುತ್ತಿದ್ದಾಗ ಫೋನ್ ಗುರ್ ಅಂತು: ಅಲುಗಾಡಿಸಿ. ಎದ್ದು ಬುಟ್ಟಿ ಎರಡು ಸಲ ಅಲುಗಾಡಿಸಿ ಬಂದೆ. ಈರುಳ್ಳಿ, ಟೊಮೆಟೊ ಬೇರೆ ಬಾಣಲೆಯಲ್ಲಿ ಹುರಿದಿಟ್ಟುಕೊಂಡೆ. ಅಷ್ಟರಲ್ಲಿ ಕುಕ್ಕರಿನ ಪ್ರೆಷರೂ ಇಳಿಯಿತು, ಎರಡನ್ನೂ ಸೇರಿಸಿದೆ. ಏಳು ಗಂಟೆಗೆ ಊಟ. ಗಡಿಯಾರದಲ್ಲಿ ಒಂದು ಗಂಟೆಯ ಅಡುಗೆ. ನಾನು ಅಡುಗೆಮನೆಯಲ್ಲಿ ನಿಂತದ್ದು ಇಪ್ಪತ್ತು ನಿಮಿಷ ಇರಬಹುದು. ಮಗಳ ಜೊತೆ ಕೂತ ಆ ಹೊತ್ತೇ ನನಗೆ ಬೇಕಾಗಿದ್ದದ್ದು.

ಇಲ್ಲಿ ವಾಲ್ವ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಂದು ದಿನ ಅದನ್ನು ಮುಚ್ಚುವುದು ಮರೆತೆ. ಆ್ಯಪ್ ಸಮಯಕ್ಕೆ ಸರಿಯಾಗಿ ಶುರು ಮಾಡಿತು, ಆವಿಯೆಲ್ಲ ಹೊರಗೆ ಹೋಯಿತು, ಪ್ರೆಷರ್ ಏರಲೇ ಇಲ್ಲ. ಮನೆಗೆ ಬಂದಾಗ ಕಾಳು ಗಟ್ಟಿಯಾಗಿಯೇ ಇತ್ತು, ತಳದಲ್ಲಿ ನೀರು ಆರಿತ್ತು. ಈಚಿನ ಕೆಲವು ಕುಕ್ಕರುಗಳಲ್ಲಿ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ದೂರದಿಂದ ಶುರು ಮಾಡುವ ಆಸೆ ಇದ್ದರೆ ಅಂಥದ್ದನ್ನೇ ನೋಡಿ. ಇನ್ನೊಂದು, ಅದೇ ಪಾತ್ರೆಯಲ್ಲಿ ಈರುಳ್ಳಿ ಹುರಿದ ಮೇಲೆ ಸ್ವಲ್ಪ ನೀರು ಹಾಕಿ ತಳಕ್ಕೆ ಅಂಟಿದ್ದನ್ನು ಸೌಟಿನಿಂದ ಕೆರೆದು ಬಿಡಿಸಿ. ಇಲ್ಲದಿದ್ದರೆ ತಳ ಹಿಡಿಯಿತು ಅಂತ ಯಂತ್ರ ನಡುವೆಯೇ ನಿಲ್ಲಿಸಿಬಿಡುತ್ತದೆ. ನೀವು ಹೊರಗಿದ್ದರೆ ಫೋನಿಗೆ ಸುದ್ದಿ ಬರುತ್ತದೆ, ಆದರೆ ಕೆರೆಯುವುದಕ್ಕೆ ಕೈ ಬೇಕಲ್ವಾ?

ತಡವಾಗಿ ಶುರು ಮಾಡುವ ಈ ಸೌಲಭ್ಯವನ್ನು ದಯವಿಟ್ಟು ಮಾಂಸ, ಮೀನು, ಹಾಲು, ಮೊಟ್ಟೆ ಇರುವ ಅಡುಗೆಗೆ ಬಳಸಬೇಡಿ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಇಂಥ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೆಳಿಗ್ಗೆ ಚಿಕನ್ ಹಾಕಿಟ್ಟು ಸಂಜೆ ಶುರು ಮಾಡಿಸುವುದು ಸಮಯ ಉಳಿಸುವ ದಾರಿ ಅಲ್ಲ, ಮನೆಮಂದಿಯ ಹೊಟ್ಟೆ ಕೆಡಿಸುವ ದಾರಿ. ನೀರಿನಲ್ಲಿ ಒಣ ಕಾಳು ಇಡಬಹುದು, ಅದೂ ತುಂಬ ಸೆಕೆ ಇರುವ ದಿನ ಬೇಡ. ರಾಜ್ಮಾ ಬಗ್ಗೆ ಒಂದು ಮಾತು. ಅದರಲ್ಲಿ ಸಹಜವಾಗಿಯೇ ಒಂದು ವಿಷದ ಅಂಶ ಇದೆ. ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ. ಬಹಳ ಕುಕ್ಕರುಗಳಲ್ಲಿ "ಸ್ಲೋ ಕುಕ್" ಅನ್ನುವ ಬಟನ್ ಇರುತ್ತದೆ, ಅದರಲ್ಲಿ ಬಿಸಿ ಅಷ್ಟು ಏರದೇ ಇರಬಹುದು. ಮೊದಲು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡೇಪಕ್ಷ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಸ್ಲೋ ಕುಕ್‌ಗೆ ಹಾಕಿ. ಇದನ್ನು ಎಲ್ಲ ಆ್ಯಪ್‌ಗಳೂ ಹೇಳುವುದಿಲ್ಲ.

ಥರ್ಮಾಮೀಟರ್ ನಾನು ಕೊನೆಗೆ ತಗೊಂಡದ್ದು, ಮೊದಲೇ ತಗೊಳ್ಳಬೇಕಿತ್ತು. ಚಿಕನ್ ಹದ ಬಂತಾ ಅಂತ ಓವನ್ ಬಾಗಿಲು ತೆಗೆದು, ಕತ್ತರಿಸಿ, ನೋಡಿ, ಮತ್ತೆ ಇಡುವುದು ನಿಂತೇ ಹೋಯಿತು. ತುಂಡಿನ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಬೇಕು. ಒಳಗೆ 74 ಡಿಗ್ರಿ ಮುಟ್ಟಿದಾಗ ಫೋನ್ ಕರೆಯುತ್ತದೆ. ರೆಸಿಪಿಯಲ್ಲಿ "35 ನಿಮಿಷ" ಅಂತ ಇರುತ್ತದಲ್ಲ, ಅದು ಬರೆದವರ ಓವನ್, ಬರೆದವರ ತುಂಡಿನ ಅಳತೆ. ನಿಮ್ಮ ತುಂಡು ಎಷ್ಟು ಬೆಂದಿದೆ ಅಂತ ಥರ್ಮಾಮೀಟರಿಗೆ ಮಾತ್ರ ಗೊತ್ತು.

ಏರ್ ಫ್ರೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬುಟ್ಟಿ ತುಂಬಿಸಬೇಡಿ, ಬಿಸಿಗಾಳಿ ತಿರುಗಾಡಲು ಜಾಗ ಬೇಕು. ತುಂಬಿಸಿದರೆ ಗರಿಗರಿ ಆಗುವ ಬದಲು ಬೆವರಿ ಮೆತ್ತಗಾಗುತ್ತದೆ. ನೀವು ಎಷ್ಟು ತುಂಬಿದ್ದೀರಿ ಅಂತ ಆ್ಯಪ್‌ಗೆ ತಿಳಿಯುವುದಿಲ್ಲ.

ಇನ್ನು ಆ್ಯಪ್‌ಗಳು. ಇವು ಎರಡು ಬಗೆ. ಒಂದು, ಯಂತ್ರದ ಕಂಪನಿಯೇ ಕೊಡುವ ಆ್ಯಪ್. ಅದು ಬಿಸಿ, ಸಮಯ ಎಲ್ಲ ನೇರವಾಗಿ ಯಂತ್ರಕ್ಕೆ ಕಳಿಸುತ್ತದೆ. ಹೆಚ್ಚುವುದು, ಕಲಸುವುದು, ಬೇಯಿಸುವುದು ಎಲ್ಲ ಒಂದೇ ಪಾತ್ರೆಯಲ್ಲಿ ಮಾಡುವ ಥರ್ಮೋಮಿಕ್ಸ್ ಥರದ ಯಂತ್ರದಲ್ಲಿ ರೆಸಿಪಿ ಪರದೆಯ ಮೇಲೇ ಬರುತ್ತದೆ, ತೂಕವನ್ನೂ ಅದೇ ನೋಡುತ್ತದೆ, ಹಂತಹಂತವಾಗಿ ಹೇಳುತ್ತಾ ಹೋಗುತ್ತದೆ. ಅಡುಗೆ ಈಗಷ್ಟೇ ಕಲಿಯುತ್ತಿರುವವರಿಗೆ ಇದು ತುಂಬ ಧೈರ್ಯ ಕೊಡುತ್ತದೆ. ಇನ್ನೊಂದು, ಪಪ್ರಿಕಾ, ಸ್ಯಾಮ್‌ಸಂಗ್ ಫುಡ್ ಥರದ ರೆಸಿಪಿ ಕೂಡಿಡುವ ಆ್ಯಪ್. ಎಲ್ಲೋ ಓದಿದ ರೆಸಿಪಿಯನ್ನು ಉಳಿಸಬಹುದು, ವಾರದ ದಿನಗಳಿಗೆ ಹಂಚಬಹುದು, ಅದರಿಂದಲೇ ಸಾಮಾನಿನ ಪಟ್ಟಿ ಮಾಡಬಹುದು.

ನನ್ನ ಲೆಕ್ಕದಲ್ಲಿ ಎರಡನೆಯ ಬಗೆಯದೇ ಹೆಚ್ಚು ಸಮಯ ಉಳಿಸಿದ್ದು. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಐದು ದಿನದ ಅಡುಗೆ ಹಾಕಿಡುತ್ತೇವೆ, ಹತ್ತು ನಿಮಿಷದ ಕೆಲಸ. ಪಟ್ಟಿ ಇಬ್ಬರ ಫೋನಿನಲ್ಲೂ ಇರುತ್ತದೆ. ಯಾರು ಅಂಗಡಿ ಹತ್ತಿರ ಇದ್ದಾರೋ ಅವರು ತರುತ್ತಾರೆ. ಸಂಜೆ ಬಂದು ಯೋಚಿಸುತ್ತಾ ನಿಲ್ಲುವುದು ತಪ್ಪಿತು. ಅಡುಗೆ ಯಾರು ಮಾಡಬೇಕು ಅನ್ನುವ ಮಾತೂ ಕಡಿಮೆಯಾಯಿತು. ರೆಸಿಪಿ ಇಬ್ಬರಿಗೂ ಕಾಣುತ್ತದೆ, ಮೊದಲು ಬಂದವರು ಶುರು ಮಾಡುತ್ತಾರೆ.

ಅಳತೆ ಹೆಚ್ಚಿಸುವ ಬಟನ್ ಒತ್ತುವಾಗ ಮಾತ್ರ ಎಚ್ಚರ. ಇಬ್ಬರ ರೆಸಿಪಿಯನ್ನು ನಾಲ್ವರಿಗೆ ಮಾಡಿದರೆ ಆ್ಯಪ್ ಸಾಮಾನನ್ನು ಎರಡು ಪಟ್ಟು ಮಾಡುತ್ತದೆ, ಆದರೆ ಕೆಳಗಿನ ವಿವರಣೆಯಲ್ಲಿ "2 ಲೋಟ ನೀರು" ಅಂತ ಹಳೆಯದೇ ಉಳಿದಿರಬಹುದು. ಸಮಯ ಎರಡು ಪಟ್ಟು ಆಗುವುದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಏರುವ ಹೊತ್ತು ಹೆಚ್ಚುತ್ತದೆ, ಬೇಯುವ ಹೊತ್ತು ಅಷ್ಟೇ. ನಾನು ಒಂದು ರೆಸಿಪಿ ಎರಡು ಸಲ ಮಾಡಿದ ಮೇಲೆ ನಮ್ಮ ಮನೆಯ ಅಳತೆ, ನಮ್ಮ ಕುಕ್ಕರಿನ ಪೂರ್ತಿ ಸಮಯ ಎರಡನ್ನೂ ಆ್ಯಪಿನಲ್ಲೇ ತಿದ್ದಿ ಬರೆದಿಡುತ್ತೇನೆ. ಈಗ ಹತ್ತು ಅಡುಗೆ ಹಾಗೆ ಪಕ್ಕಾ ಆಗಿವೆ. ವಾರದ ಐದು ದಿನಕ್ಕೆ ಅಷ್ಟು ಸಾಕು. ಸಾವಿರಾರು ರೆಸಿಪಿ ಇವೆ ಅನ್ನುವ ಜಾಹೀರಾತು ನೋಡಿ ಆರಿಸಬೇಡಿ. ಕೆಲಸದ ದಿನ ಹೊಸ ರೆಸಿಪಿ ಮಾಡಿದರೆ ಸಮಯ ಜಾಸ್ತಿಯೇ ಹೋಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು. ಮನೆಯ ವೈಫೈ ರೂಟರ್ ಸಾಮಾನ್ಯವಾಗಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಸಿಗ್ನಲ್ ಕೊಡುತ್ತದೆ; ಇಂಥ ಸಾಮಾನು ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಮೊದಲ ದಿನ ಜೋಡಿಸಲು ಆಗದೆ ಇದ್ದರೆ ಇದನ್ನೇ ಮೊದಲು ನೋಡಿ. ಕೆಲವು ಓವನ್‌ಗಳಲ್ಲಿ ದೂರದಿಂದ ಶುರು ಮಾಡಬೇಕಾದರೆ ಪ್ರತಿ ಸಲವೂ ಮುಂಚೆ ಓವನ್ ಮೇಲಿನ ಒಂದು ಬಟನ್ ಒತ್ತಿ ಹೋಗಬೇಕು. ಅದು ಸುರಕ್ಷತೆಗಾಗಿ ಇಟ್ಟದ್ದು, ಕೆಟ್ಟಿದೆ ಅಂದುಕೊಳ್ಳಬೇಡಿ. ಎಲ್ಲಕ್ಕಿಂತ ಮುಖ್ಯ, ಆ್ಯಪ್ ಇಲ್ಲದೆಯೂ ಯಂತ್ರದ ಮೇಲಿನ ಬಟನ್‌ನಿಂದ ಎಲ್ಲ ಕೆಲಸ ಆಗಬೇಕು. ನನ್ನ ಹಳೆಯ ಕುಕ್ಕರಿನ ಕಂಪನಿ ಒಂದು ದಿನ ಆ ಮಾದರಿಗೆ ಆ್ಯಪ್ ನಿಲ್ಲಿಸಿಬಿಟ್ಟಿತು. ಬಟನ್ ಇದ್ದದ್ದರಿಂದ ಅದು ಮೂಲೆ ಸೇರಲಿಲ್ಲ. ಬೇರೆ ಬೇರೆ ಕಂಪನಿಯ ಸಾಮಾನು ಒಂದೇ ಆ್ಯಪಿನಲ್ಲಿ ಸೇರುವಂತೆ ಮಾಡಿದ ಮ್ಯಾಟರ್ ಅನ್ನುವ ಮಾನದಂಡಕ್ಕೆ 2024ರ ಮೇ ತಿಂಗಳಲ್ಲಿ ಓವನ್, ಮೈಕ್ರೋವೇವ್, ಒಲೆ ಎಲ್ಲ ಸೇರಿವೆ. ಡಬ್ಬದ ಮೇಲೆ ಆ ಗುರುತು ಇದ್ದರೆ ಒಳ್ಳೆಯದು, ಅದಕ್ಕಾಗಿಯೇ ಕಾಯಬೇಕಾಗಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ತಿಂಗಳು ಯಂತ್ರ ತಗೊಳ್ಳದೆ ರೆಸಿಪಿ ಆ್ಯಪ್ ಮಾತ್ರ ಹಾಕಿಕೊಂಡು, ಇರುವ ಪಾತ್ರೆಯಲ್ಲೇ ವಾರದ ಅಡುಗೆ ಹಂಚಿ ನೋಡುತ್ತಿದ್ದೆ. ಯೋಚಿಸುವ ಹೊತ್ತು ಅಲ್ಲೇ ಉಳಿಯುತ್ತದೆ. ಆಮೇಲೂ ಒಲೆ ಮುಂದೆ ನಿಲ್ಲುವುದು ಜಾಸ್ತಿ ಅನ್ನಿಸಿದರೆ, ಯಾವುದಕ್ಕಾಗಿ ಹೆಚ್ಚು ನಿಲ್ಲುತ್ತೀರೋ ಅದನ್ನು ನೋಡಿಕೊಳ್ಳುವ ಒಂದೇ ಒಂದು ಯಂತ್ರ ತಗೊಳ್ಳಿ. ಕಾಳು, ಬೇಳೆ, ಅನ್ನ ಹೆಚ್ಚು ಮಾಡುವವರಿಗೆ ಪ್ರೆಷರ್ ಕುಕ್ಕರ್, ಹುರಿದದ್ದು ಇಷ್ಟಪಡುವವರಿಗೆ ಏರ್ ಫ್ರೈಯರ್, ಮಾಂಸ ಹೆಚ್ಚಾದರೆ ಥರ್ಮಾಮೀಟರ್. ನಿಮ್ಮ ಮನೆಯಲ್ಲಿ ವಾರಕ್ಕೆ ಹೆಚ್ಚು ಸಲ ಬೇಯುವುದು ಯಾವುದು, ಎಷ್ಟು ಜನ ಊಟಕ್ಕೆ ಅಂತ ಕೆಳಗೆ ಬರೆಯಿರಿ. ನಾನು ತಿದ್ದಿಟ್ಟುಕೊಂಡಿರುವ ನೀರಿನ ಅಳತೆ, ಸಮಯ ಅದರಲ್ಲಿ ಇದ್ದರೆ ಹಾಗೇ ಕಳಿಸುತ್ತೇನೆ.