ಮಂಡಿಯ ಲಿಗಮೆಂಟ್ ಹರಿಯುವುದು ವಂಶಪಾರಂಪರ್ಯವೆ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ವಾಲಿಬಾಲ್ ಆಡುವಾಗ ನನ್ನ ಬಲಮಂಡಿಯ ಎಸಿಎಲ್ ಲಿಗಮೆಂಟ್ (ಮಂಡಿಯೊಳಗೆ ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಬಿಗಿಯುವ ಗಟ್ಟಿ ಪಟ್ಟಿ) ಹರಿದಿತ್ತು. 19 ವರ್ಷದ ಮಗನಿಗೂ ಕಬಡ್ಡಿಯಲ್ಲಿ ಹಾಗೆಯೇ ಆಗಿ, ಐದು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ತಿಂಗಳ ಪಂದ್ಯಾವಳಿಗೆ ಬಾ ಎಂದು ತಂಡದವರು ಕರೆಯುತ್ತಿದ್ದಾರೆ. 14 ವರ್ಷದ ಮಗಳೂ ಕಬಡ್ಡಿ ಆಡುತ್ತಾಳೆ. ಜೊಲ್ಲಿನ ಮಾದರಿ ಕಳುಹಿಸಿ ಅವಳ ಜೀನ್ ಪರೀಕ್ಷೆ ಮಾಡಿಸಿ ಎಂದು ಪರಿಚಿತರೊಬ್ಬರ ಸಲಹೆ. ಮಾಡಿಸಬೇಕೆ? ಆಟ ಬಿಡಿಸಬೇಕೆ?
— ಒಬ್ಬ ತಂದೆ, ದಕ್ಷಿಣ ಕನ್ನಡ

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಸ್ವೀಡನ್ನಿನಲ್ಲಿ 88 ಸಾವಿರಕ್ಕೂ ಹೆಚ್ಚು ಅವಳಿಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಎಸಿಎಲ್ ಹರಿಯುವಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 69 ಎಂದು ಅಂದಾಜಿಸಿದ್ದಾರೆ. ಆದರೆ ಮಗಳ ಮಂಡಿ ಹರಿಯುವ ಸಾಧ್ಯತೆಯೇ ಶೇ 69 ಎಂದು ಇದನ್ನು ಓದಿಕೊಳ್ಳಬಾರದು. ಒಂದೇ ಗದ್ದೆಯಲ್ಲಿ, ಒಂದೇ ನೀರು-ಗೊಬ್ಬರದಲ್ಲಿ ಎರಡು ತಳಿಯ ಭತ್ತ ಬೆಳೆದಾಗ ಇಳುವರಿಯ ವ್ಯತ್ಯಾಸಕ್ಕೆ ಬಹುಪಾಲು ತಳಿಯೇ ಕಾರಣ ಎನ್ನಬಹುದು. ಆದರೆ ಈ ಸಲ ನಿಮ್ಮ ಗದ್ದೆಗೆ ಎಷ್ಟು ಮೂಟೆ ಬರುತ್ತದೆಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ. ಶೇ 69 ಎಂಬುದೂ ಜನರ ನಡುವಿನ ವ್ಯತ್ಯಾಸದ ಲೆಕ್ಕವೇ ಹೊರತು ಒಬ್ಬರ ಭವಿಷ್ಯವಲ್ಲ.

ಲಿಗಮೆಂಟಿನ ಮುಖ್ಯ ವಸ್ತು ಕೊಲ್ಯಾಜೆನ್ ಎಂಬ ಪ್ರೋಟೀನಾದ್ದರಿಂದ ಸಂಶೋಧಕರ ಕಣ್ಣು ಮೊದಲು ಬಿದ್ದದ್ದು ಅದನ್ನು ರೂಪಿಸುವ ಜೀನ್‌ಗಳ ಮೇಲೆ. ಸಿಒಎಲ್1ಎ1 ಜೀನಿನ ಒಂದು ಅಪರೂಪದ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಗಾಯಗೊಂಡವರ ಗುಂಪಿನಲ್ಲಿ ಕಡಿಮೆ ಸಿಕ್ಕಿದರು; ಅಂದರೆ ಆ ರೂಪ ರಕ್ಷಣೆ ನೀಡುತ್ತಿರಬಹುದು. ದಕ್ಷಿಣ ಆಫ್ರಿಕಾದ ಮಹಿಳೆಯರಲ್ಲಿ ಸಿಒಎಲ್5ಎ1 ಬಗ್ಗೆಯೂ ಅಂಥದೇ ಸುಳಿವು ಸಿಕ್ಕಿತಾದರೂ ಬೇರೆ ದೇಶಗಳಲ್ಲಿ ಹುಡುಕಿದಾಗ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಕೊಲ್ಯಾಜೆನ್ನಷ್ಟೇ ಅಲ್ಲ, ತೊಡೆಮೂಳೆಯ ಕೆಳತುದಿಯ ಸಂದಿನ ಅಗಲ, ಕಣಕಾಲಿನ ಮೂಳೆಯ ಮೇಲ್ತುದಿಯ ಇಳಿಜಾರು, ಕೀಲುಗಳ ಸಡಿಲತೆ ಇವೆಲ್ಲವೂ ಮನೆತನದಲ್ಲಿ ಹರಿದುಬರಬಹುದು. ಇಷ್ಟನ್ನೂ ಒಂದೆರಡು ಜೀನ್ ನೋಡಿ ಹೇಳಲಾಗದು. ಇಂಥ ಪರೀಕ್ಷೆಗಳಿಂದ ಆಟದ ಪ್ರತಿಭೆ ಗುರುತಿಸುವುದಾಗಲಿ, ಒಬ್ಬೊಬ್ಬರ ತರಬೇತಿ ನಿರ್ಧರಿಸುವುದಾಗಲಿ ಸಲ್ಲದೆಂದು ಪರಿಣತರ ತಂಡವೊಂದು 2015ರಲ್ಲೇ ಒಮ್ಮತದಿಂದ ಹೇಳಿದೆ. ಆ ಹಣದಲ್ಲಿ ಮಗಳಿಗೆ ಒಳ್ಳೆಯ ಶೂ ಕೊಡಿಸಿ.

ಹೆಬ್ಬೆರಳನ್ನು ಬಗ್ಗಿಸಿದರೆ ಮುಂಗೈಗೆ ತಾಗುತ್ತದೆಯೇ, ಮೊಣಕೈ ನೇರಕ್ಕಿಂತ ಹಿಂದಕ್ಕೆ ಬಾಗುತ್ತದೆಯೇ ಎಂದು ಮನೆಯಲ್ಲೇ ನೋಡಿ. ಹೌದಾದರೆ ಕೀಲು ಸಡಿಲವಿದೆ ಎಂಬ ಸೂಚನೆ. ಬಳಿಕ ಮೊಣಕಾಲೆತ್ತರದ ಜಗಲಿಯಿಂದ ಎರಡೂ ಕಾಲೂರಿ ಜಿಗಿಯಲು ಹೇಳಿ, ಎದುರಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ. ನೆಲ ಮುಟ್ಟುವಾಗ ಮಂಡಿಗಳೆರಡೂ ಒಂದಕ್ಕೊಂದು ಹತ್ತಿರವಾದರೆ ಅದನ್ನು ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಜಿಗಿದು ತಿರುಗುವ ಆಟಗಳಲ್ಲಿ ಹುಡುಗಿಯರಿಗೆ ಈ ಗಾಯದ ಅಪಾಯ ಹುಡುಗರಿಗಿಂತ ಹೆಚ್ಚು. ಆದರೂ ಕಾಲೂರುವ ಕ್ರಮ, ಸಮತೋಲನ, ಪಿರ್ರೆ ಮತ್ತು ಹಿಂತೊಡೆಯ ಬಲವನ್ನು ರೂಢಿಸುವ ವ್ಯಾಯಾಮಗಳಿಂದ ಅದನ್ನು ಸುಮಾರು ಅರ್ಧಕ್ಕೆ ಇಳಿಸಬಹುದು. ಫುಟ್‌ಬಾಲಿಗಾಗಿ ಫಿಫಾ ರೂಪಿಸಿದ 20 ನಿಮಿಷಗಳ '11+' ವಾರ್ಮ್‌ಅಪ್‌ ಇದಕ್ಕೆ ಒಳ್ಳೆಯ ಮಾದರಿ. ವಾರಕ್ಕೆ ಎರಡು ಬಾರಿಯಾದರೂ ತಪ್ಪದೆ ಮಾಡಲಿ. ಆಟ ಬಿಡಿಸುವ ಅಗತ್ಯವಿಲ್ಲ.

ನೀವು ಕೇಳಿದ್ದು ಮಗಳ ವಿಷಯ. ನನಗೆ ಹೆಚ್ಚು ಆತಂಕವಾಗಿರುವುದು ಮಗನ ಬಗ್ಗೆ. ಒಮ್ಮೆ ಹರಿದವರಿಗೆ ಅದೇ ಮಂಡಿ ಅಥವಾ ಇನ್ನೊಂದು ಮಂಡಿ ಮತ್ತೆ ಹರಿಯುವ ಅಪಾಯ ಹೆಚ್ಚು, ಅದರಲ್ಲೂ ಎಳೆಯರಲ್ಲಿ. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳು ತುಂಬುವ ಮೊದಲು, ಎರಡೂ ತೊಡೆಗಳ ಬಲ ಅಳೆದು ನೋಡದೆ, ಅವನು ಅಂಕಣಕ್ಕಿಳಿಯಬಾರದು. ಮುಂದಿನ ತಿಂಗಳ ಪಂದ್ಯಾವಳಿಗೆ ಅವನು ಬರುವುದಿಲ್ಲವೆಂದು ತಂಡದವರಿಗೆ ಈಗಲೇ ತಿಳಿಸಿಬಿಡಿ.